ಒಳಗೆ ಬಟ್ಟೆ ಬಿಡದ ಅಂಗಿ

ದರ್ಜಿಯ ಮನೆಯಲ್ಲಿ ಅಂದು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಜಗಳ ಶುರುವಾಗಿತ್ತು. ಜಗಳದ ಮೂಲ ಸೀಮೆಸುಣ್ಣ. ಬಟ್ಟೆಯ ಮೇಲೆ ಗೆರೆ ಎಳೆಯಲು ದರ್ಜಿಗಳು ಬಳಸುವ ಚಪ್ಪಟೆ ಬಿಲ್ಲೆಗಳ ಡಬ್ಬಿ ಕತ್ತರಿಸುವ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಮೊನ್ನೆ ಮೊನ್ನೆ ತಂದ ಡಬ್ಬಿ. ಆಗಲೇ ಅರ್ಧ ಖಾಲಿ! ಇದೇನು ಸುಣ್ಣಾನೋ, ಯಾರಾದ್ರೂ ಬಾಯಿಗೆ ಹಾಕ್ಕೊಳ್ಳೋ ಮಿಠಾಯೀನೋ?" ಎಂದು ದರ್ಜಿ ಡಬ್ಬಿಯನ್ನು ಅಲ್ಲಾಡಿಸಿದ.

"ಇಲಿ ಇರ್ಬೇಕು ಕಣೋ," ಎಂದಳು ಅವನ ತಾಯಿ.

"ಸುಣ್ಣ ತಿನ್ನೋ ಇಲಿ ಎಲ್ಲಾದ್ರೂ ಇದ್ಯೇನಮ್ಮಾ?"

"ಪಾಪ, ಈ ಮನೇಲಿ ಅದಕ್ಕೆ ಇನ್ನೇನು ಸಿಗುತ್ತೆ?" ಎಂದು ಒಳಗಿನಿಂದ ಮಗಳು ಕೂಗಿದಳು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ನಗುವಂಥ ಮಾತೇ ಆಗಿತ್ತು ಅದು, ಆಗ.

ಈ ಮಗಳನ್ನು ಮನೆಯಲ್ಲಿ ಸೂಜಿ ಎಂದೇ ಕರೆಯುತ್ತಿದ್ದರು. ವಯಸ್ಸು ಹದಿನಾಲ್ಕು ದಾಟಿತ್ತು. ನೋಡಿದವರು ಹನ್ನೊಂದು ಎನ್ನುತ್ತಿದ್ದರು. ಮೈ ಕೈಯೆಲ್ಲ ಸಪೂರ, ಬಾಯಿ ಮಾತ್ರ ಬಲು ಜೋರು. ಹೆಸರಿಟ್ಟವಳು ಅಜ್ಜಿ. ಮೊಮ್ಮಗಳು ತೆಳ್ಳಗಿರುವುದು ಅಜ್ಜಿಗೆ ಬೇಸರದ ವಿಷಯವಾಗಿರಲಿಲ್ಲ, ಹೆಮ್ಮೆಯ ವಿಷಯವಾಗಿತ್ತು.

ಅಜ್ಜಿಗೆ ಬೀದಿಯವರು ಇಟ್ಟ ಹೆಸರು ಅಳತೆಯಮ್ಮ. ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು, ಬಾಗಿಲಲ್ಲಿ ಕಾಲಿಟ್ಟವರ ಎದೆ, ನಡು, ತೋಳಿನ ಅಳತೆಯನ್ನು ಟೇಪು ಮುಟ್ಟದೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಮಕ್ಕಳನ್ನು ಕರೆತಂದ ತಾಯಂದಿರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: "ಬೆಳೆಯೋ ಮಕ್ಕಳು ಕಣಮ್ಮಾ. ಒಳಗೆ ಬಟ್ಟೆ ಬಿಟ್ಟು ಹೊಲೀತೀವಿ. ಮಗು ಉದ್ದ ಆದ ಹಾಗೆ ಬಿಚ್ಚಿಕೊಳ್ತಾ ಹೋಗು." ಸೊಸೆಗೂ ಮೊದಲ ದಿನ ಕಲಿಸಿದ ಪಾಠ ಅದೇ. ಸೊಸೆ, ಅಂದರೆ ಸೂಜಿಯ ತಾಯಿ, ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ಮಕ್ಕಳ ಲಂಗ, ಷರಟು, ಚಡ್ಡಿಗಳ ಒಳಗೆ ಎರಡು ಮೂರು ಮಡಿಕೆ ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು. ಯಾವ ಮಗುವೂ ಬೆಳೆಯುವುದಕ್ಕೆ ತಮ್ಮ ಅಂಗಡಿಯ ಬಟ್ಟೆ ಅಡ್ಡಿ ಮಾಡಬಾರದು ಎಂಬುದು ಆ ಮನೆಯ ಕಸುಬಿನ ನಿಯಮ.

ಆ ನಿಯಮಕ್ಕೆ ಹೊರತಾದ ಉಡುಪು ಅಂಗಡಿಯಲ್ಲಿ ಒಂದೇ ಒಂದಿತ್ತು. ಅದು ಅಳತೆಯಮ್ಮನ ಮದುವೆ ಅಂಗಿ.

ಗಾಜಿನ ಬೀರುವಿನಲ್ಲಿ, ಬೀದಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಅದನ್ನು ತೂಗುಹಾಕಿದ್ದರು. ಕೆನೆ ಬಣ್ಣದ ರೇಷ್ಮೆ, ಕತ್ತಿನಿಂದ ಪಾದದವರೆಗೆ. ಬೆನ್ನಿನುದ್ದಕ್ಕೂ ಸಾಲು ಹುಕ್ಕು. ನಡು ಮಾತ್ರ ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಅಳತೆಯಮ್ಮನ ತಂದೆ ಮಗಳ ಮೈಗೆ ಅಂಟುವಂತೆ ಹೊಲಿದಿದ್ದ. ಒಳಗೆ ಒಂದು ನೂಲಿನಷ್ಟೂ ಹೆಚ್ಚಿನ ಬಟ್ಟೆ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಮದುವೆಯಾಗುವ ಹೆಣ್ಣು ಅದನ್ನೇ ತೊಡಬೇಕು, ಒಂದು ಹೊಲಿಗೆಯನ್ನೂ ಬಿಚ್ಚದೆ ತೊಡಬೇಕು. ಅಳತೆಯಮ್ಮನ ಮಗಳು ತೊಟ್ಟಿದ್ದಳು. ಸೊಸೆಯೂ ತೊಟ್ಟಿದ್ದಳು. ಅಳತೆಯಮ್ಮ ಅಂಗಿಯನ್ನು ಪೆಟ್ಟಿಗೆಯಲ್ಲಿ ಹೊತ್ತುಕೊಂಡೇ ಹೆಣ್ಣು ನೋಡಲು ಹೋಗಿದ್ದಳು. ಹುಕ್ಕು ಬಿತ್ತು, ಸಂಬಂಧ ಕುದುರಿತು. ಆಗ ಆ ಹುಡುಗಿ ದೊಡ್ಡ ಕಾಯಿಲೆ ಬಿದ್ದು ಆಗತಾನೇ ಎದ್ದಿದ್ದಳು ಎಂಬುದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಮೂರು ಮದುವೆ, ಒಂದೇ ಅಂಗಿ, ಒಂದು ಹೊಲಿಗೆ ಬಿಚ್ಚಿಲ್ಲ," ಎಂದು ಅಳತೆಯಮ್ಮ ಗಿರಾಕಿಗಳಿಗೆ ತೋರಿಸುವಳು. ಗಿರಾಕಿಗಳು ಬೆರಗಾಗುವರು. ಅಂಗಡಿಯ ಹೆಸರು ಹಬ್ಬಿದ್ದೇ ಆ ಬೀರುವಿನಿಂದ. ನಾಲ್ಕನೆಯ ಸರದಿ ಸೂಜಿಯದು.

ಆದ್ದರಿಂದ ಸೂಜಿಗೆ ಹನ್ನೆರಡು ತುಂಬಿದಂದಿನಿಂದ ತಿಂಗಳಿಗೊಮ್ಮೆ ಅಂಗಿಯ ಪರೀಕ್ಷೆ ನಡೆಯುತ್ತಿತ್ತು. ಅಳತೆಯಮ್ಮ ಬೀರುವಿನ ಬೀಗ ತೆಗೆದು ಅಂಗಿ ಇಳಿಸುವಳು. ಹುಡುಗಿ ಉಸಿರು ಬಿಗಿಹಿಡಿದು ನಿಲ್ಲುವಳು. ಹುಕ್ಕು ಬಿದ್ದರೆ ಅಜ್ಜಿ ಬೆನ್ನು ತಟ್ಟುವಳು. ಬೀಳಲು ತಡವಾದರೆ ಆ ತಿಂಗಳು ಹಾಲು ಬಂದ್, ರಾತ್ರಿಯೂಟ ಬಂದ್.

ಬಂದ್ ಆಗದ ತಿಂಗಳಲ್ಲಾದರೂ ಆ ಹುಡುಗಿಯ ತಟ್ಟೆಗೆ ಏನು ಬೀಳುತ್ತಿತ್ತು? ಮೊದಲ ಪಂಕ್ತಿ ದರ್ಜಿ ಮತ್ತು ಅವನ ಮಗನದು. ಮಗನಿಗೆ ಹದಿನೇಳು, ಬೆಳೆಯೋ ಹುಡುಗ ಎಂದು ಎರಡು ಮೊಟ್ಟೆ, ಲೋಟದ ತುಂಬ ಹಾಲು. ಅವನು ಬೆಳೆಯಬೇಕಾದ್ದು ನಿಜವೇ. ಆಮೇಲೆ ಅಳತೆಯಮ್ಮ. ಆಮೇಲೆ ಸೊಸೆ ಮತ್ತು ಸೂಜಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಹಂಚಿಕೊಂಡು. ಮಾಂಸದ ದಿನ ಅವರಿಗೆ ಸಾರಿನ ತಿಳಿ. ಮನೆಯಲ್ಲಿ ಬಡತನವಿರಲಿಲ್ಲ ಎಂಬುದನ್ನು ಓದುವವರು ಮರೆಯಬಾರದು. ಬೇಯಿಸುವ ಒಲೆ ಒಂದೇ, ಬಡಿಸುವ ಕೈ ಒಂದೇ. ಆ ಕೈ ಹೆತ್ತ ತಾಯಿಯದೇ ಆಗಿತ್ತು.

ಸುಣ್ಣದ ಇಲಿ ಸಿಕ್ಕಿಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಬಳಿ. ಸೊಸೆ ಮಗಳ ಶಾಲೆಯ ಲಂಗದ ಜೇಬು ತಿರುವಿದಾಗ ಬಿಳಿಯ ಪುಡಿ ಉದುರಿತು. ಜೊತೆಗೆ ಅಂಚು ಕಚ್ಚಿದ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಹಲ್ಲಿನ ಗುರುತು ಚೆನ್ನಾಗಿ ಕಾಣುತ್ತಿತ್ತು. ಮಗಳನ್ನು ಕೂಗಿ ಕರೆದು ಅದನ್ನು ಮುಂದೆ ಹಿಡಿದಳು.

"ಇದೇನೇ ಇದು?"

ಸೂಜಿ ಮೊದಲು ನಗಲು ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. "ಬಾಯಿ ಕೇಳುತ್ತಮ್ಮ. ತಡೆದುಕೊಳ್ಳೋಕೇ ಆಗಲ್ಲ. ಪಾಠ ಕೇಳ್ತಿದ್ರೂ ಅದೇ ಯೋಚನೆ. ತಿಂದ್ರೆ ಸ್ವಲ್ಪ ಸಮಾಧಾನ."

"ಹೊಟ್ಟೆ ಹಸಿದ್ರೆ ಹೇಳಬಾರದೇನೇ?"

"ಹೇಳಿದ್ರೆ?" ಎಂದಳು ಹುಡುಗಿ. ಅದರಲ್ಲಿ ಸಿಟ್ಟಿರಲಿಲ್ಲ. ಕೇಳಿ ತಿಳಿದುಕೊಳ್ಳುವವಳ ಹಾಗೆ ಕೇಳಿದ್ದಳು. ತಾಯಿ ಲಂಗವನ್ನು ಮತ್ತೆ ನೀರಿಗೆ ಅದ್ದಿ, ಒಗೆದದ್ದನ್ನೇ ಒಗೆದಳು.

ಅದಾದ ಕೆಲವು ದಿನಕ್ಕೆ ಬೀದಿಯ ಕೊನೆಯ ದವಾಖಾನೆಯ ಡಾಕ್ಟರಮ್ಮ ಬಿಳಿ ಕೋಟು ಹೊಲಿಸಿಕೊಳ್ಳಲು ಬಂದರು. ಮೆಟ್ಟಿಲ ಮೇಲಿನ ಕಪಾಟಿನಿಂದ ಬಟ್ಟೆಯ ಸುರುಳಿ ತರಲು ದರ್ಜಿ ಸೂಜಿಗೆ ಹೇಳಿದ. ನಾಲ್ಕು ಮೆಟ್ಟಿಲು ಹತ್ತಿ ಇಳಿದ ಹುಡುಗಿ ಸುರುಳಿಯನ್ನು ಮೇಜಿನ ಮೇಲೆ ಹಾಕಿ, ಅದಕ್ಕೇ ಒರಗಿ ಏದುಸಿರು ಬಿಟ್ಟಳು. ಡಾಕ್ಟರಮ್ಮ ಅಳತೆ ಕೊಡುವುದನ್ನು ನಿಲ್ಲಿಸಿ ಹುಡುಗಿಯ ಗಲ್ಲ ಹಿಡಿದರು, ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು.

"ವಯಸ್ಸೆಷ್ಟಮ್ಮ ಇವಳಿಗೆ? ಹದಿನಾಲ್ಕಾ? ತಿಂಗಳಿಂದು ಸರಿಯಾಗಿ ಆಗ್ತಾ ಇದ್ಯಾ?"

"ಎರಡು ಸಲ ಆಗಿ ನಿಂತೇಹೋಯ್ತು," ಎಂದು ಸೊಸೆ ಮೆಲ್ಲಗೆ ಹೇಳಿದಳು. ಅತ್ತೆಯ ಕಡೆ ಒಮ್ಮೆ ನೋಡಿ, ಇನ್ನೂ ಮೆಲ್ಲಗೆ, "ಸುಣ್ಣ ತಿಂತಾಳೆ," ಎಂದಳು.

"ತಿಂತಾಳೆ. ಮೈಯಲ್ಲಿ ರಕ್ತ ಇಲ್ಲದಿದ್ರೆ ಬಾಯಿ ಮಣ್ಣು ಕೇಳುತ್ತೆ, ಸುಣ್ಣ ಕೇಳುತ್ತೆ. ಇವಳನ್ನ ದವಾಖಾನೆಗೆ ಕರ್ಕೊಂಡು ಬನ್ನಿ, ಮಾತ್ರೆ ಕೊಡ್ತೀನಿ. ಆದ್ರೆ ಬರೀ ಮಾತ್ರೇಲಿ ಮಗು ಬೆಳೆಯಲ್ಲ. ಮನೇಲಿ ಏನು ಕೊಡ್ತೀರಿ ತಿನ್ನೋಕೆ?"

ಮೂಲೆಯ ಕುರ್ಚಿ ಕಿರುಗುಟ್ಟಿತು. "ನಮ್ಮನೇಲಿ ತಿನ್ನೋಕೆ ಏನೂ ಕಮ್ಮಿ ಇಲ್ಲ ಡಾಕ್ಟರಮ್ಮ," ಎಂದಳು ಅಳತೆಯಮ್ಮ. "ಹೆಣ್ಣುಮಗು, ಹಿತಮಿತವಾಗಿ ತಿನ್ನುತ್ತೆ. ಸಿಕ್ಕಿದ್ದೆಲ್ಲ ತಿಂದು ಡ್ರಮ್ಮಿನ ಹಾಗೆ ಆದ್ರೆ ಆ ಅಂಗಿ ಹಾಕೋದು ಹೇಗೆ?"

ಡಾಕ್ಟರಮ್ಮ ಅವಳ ಬೆರಳು ತೋರಿಸಿದತ್ತ ನೋಡಿದರು. ಬೀರುವಿನ ಕಥೆಯನ್ನು ಪೂರ್ತಿ ಕೇಳಿದರು. ಅವರ ಮುಖ ಕೆಂಪಾಯಿತು; ಆದರೂ ದನಿ ಏರಿಸಲಿಲ್ಲ.

"ಅಮ್ಮ, ಈ ವಯಸ್ಸು ಒಂದೇ ಸಲ ಬರೋದು. ಮೂಳೆ ಉದ್ದ ಆಗೋದು, ಗಟ್ಟಿ ಆಗೋದು ಈಗಲೇ. ಸೊಂಟ ಅಗಲ ಆಗೋದು ಈಗಲೇ. ನಾಳೆ ಅವಳು ಹೆರಬೇಕಾದ್ರೆ ಆ ಸೊಂಟಾನೇ ಬೇಕು. ಈಗ ಕೊಡದೆ ಇಪ್ಪತ್ತೈದಕ್ಕೆ ತುಪ್ಪದಲ್ಲಿ ಮುಳುಗಿಸಿದ್ರೂ ಪ್ರಯೋಜನ ಇಲ್ಲ. ಮೊಟ್ಟೆ, ಹಾಲು, ಕಾಳು, ಸೊಪ್ಪು, ಹಣ್ಣು. ನಿಮ್ಮ ಒಲೆ ಮೇಲೆ ಇಲ್ಲದ್ದನ್ನ ನಾನೇನೂ ಹೇಳ್ತಾ ಇಲ್ಲ. ನಿಮ್ಮ ಮೊಮ್ಮಗನ ತಟ್ಟೆಗೆ ಬೀಳೋದು ಇವಳ ತಟ್ಟೆಗೂ ಬೀಳಲಿ, ಅಷ್ಟೇ."

"ನಾನು ಹೀಗೇ ಬೆಳೆದೋಳು. ಗುಂಡುಕಲ್ಲಿನ ಹಾಗಿಲ್ವಾ?"

"ನಿಮ್ಮ ಬೆನ್ನು ಬಾಗಿ ಎಷ್ಟು ವರ್ಷ ಆಯ್ತು?"

"ಅದು ಮಿಷನ್ ತುಳಿದು ತುಳಿದು ಬಾಗಿದ್ದು."

"ನಿಮ್ಮ ಮಗಳು? ಅವರೂ ಇದೇ ಅಂಗಿ ಹಾಕಿದ್ರು ಅಂದ್ರಲ್ಲ. ಮಕ್ಕಳೆಷ್ಟು ಅವರಿಗೆ?"

ದರ್ಜಿ ಯಂತ್ರ ತುಳಿಯುವುದನ್ನು ನಿಲ್ಲಿಸಿದ. ದರ್ಜಿಯ ತಂಗಿಗೆ ಹೆತ್ತ ಮಗು ಒಂದೂ ಉಳಿದಿರಲಿಲ್ಲ. ಕೊನೆಯ ಹೆರಿಗೆಯಲ್ಲಿ ಅವಳೇ ಸತ್ತು ಬದುಕಿದ್ದಳು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

"ಅದು ಅವಳ ಹಣೆಬರಹ," ಎಂದಳು ಅಳತೆಯಮ್ಮ. "ಅದಕ್ಕೂ ಅಂಗಿಗೂ ಏನು ಸಂಬಂಧ?"

"ಹಾಗಾದ್ರೆ ಅಂಗೀನೇ ಸ್ವಲ್ಪ ಬಿಚ್ಚಿ ದೊಡ್ಡದು ಮಾಡಿ."

ಅಳತೆಯಮ್ಮ ಮೂಗು ಮುರಿದಳು. "ಬಿಚ್ಚೋಕೆ ಅದರೊಳಗೆ ಬಟ್ಟೆ ಬಿಟ್ಟಿದ್ರೆ ತಾನೇ? ನಮ್ಮಪ್ಪನ ಕೈಚಳಕ ಅದು!"

ಡಾಕ್ಟರಮ್ಮ ಹೊರಡುವಾಗ ಸೊಸೆಯ ಹತ್ತಿರ ನಿಂತರು. "ನನ್ನ ಮಗಳ ಯೂನಿಫಾರ್ಮು ನೀವೇ ಹೊಲಿದದ್ದು. ಬೆಳೀಲಿ ಅಂತ ಒಳಗೆ ಎಷ್ಟೊಂದು ಬಟ್ಟೆ ಬಿಟ್ಟಿದ್ರಿ. ನಿಮ್ಮ ಮಗಳಿಗೇ ಯಾಕಮ್ಮ ಈ ಜಿಪುಣತನ?" ಎಂದರು. ಆ ಮಾತು ಸೊಸೆಯ ಮುಖಕ್ಕೆ ಹೊಡೆದಂತಾಯಿತು. 

ಅಂದಿನಿಂದ ಅವಳು ಕಳ್ಳಿಯಾದಳು. ಸ್ವಂತ ಮಗಳಿಗೆ ಉಣಿಸಲು ತಾಯಿ ಕಳ್ಳತನ ಮಾಡಬೇಕಾದ ಮನೆ ಅದು. ದವಾಖಾನೆಯ ಮಾತ್ರೆಯನ್ನು ನೂಲಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ನೀರು ಕಾಯಿಸುವ ಕೆಟಲಿನಲ್ಲೇ ಮೊಟ್ಟೆ ಬೇಯಿಸಿ, ಸೆರಗಿನಲ್ಲಿ ಮುಚ್ಚಿ, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದಿನ ಚಿಕ್ಕ ಜಾಗಕ್ಕೆ ಮಗಳನ್ನು ಕರೆಯುವಳು. ಅಲ್ಲಿ ಆಳೆತ್ತರದ ಕನ್ನಡಿ. ಸೂಜಿ ಕನ್ನಡಿಯ ಎದುರು ನಿಂತು, ತನ್ನನ್ನೇ ನೋಡಿಕೊಳ್ಳುತ್ತ ಮೊಟ್ಟೆ ತಿನ್ನುವಳು.

"ಅಮ್ಮ, ಅಲ್ಲಿ ಒಬ್ಬಳು ಹುಡುಗಿ ನನ್ನ ಮೊಟ್ಟೆ ತಿಂತಿದ್ದಾಳೆ ನೋಡು."

"ಮಾತಾಡಬೇಡ, ನುಂಗು."

"ಅವಳಿಗೂ ಒಂದು ಕೊಡಮ್ಮ, ಪಾಪ. ನನಗಿಂತ ಸಣ್ಣಗಿದ್ದಾಳೆ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವಳು. ಆ ಮನೆಯಲ್ಲಿ ಅವಳು ಅಷ್ಟು ನಕ್ಕದ್ದು ಆ ದಿನಗಳಲ್ಲೇ. ಕಾಳು, ಸೊಪ್ಪಿನ ಪಲ್ಯ, ಮಗನ ಲೋಟದಿಂದ ತೆಗೆದ ಅರ್ಧ ಲೋಟ ಹಾಲು, ಏನಾದರೊಂದು ಪರದೆಯ ಹಿಂದೆ ಹೋಗುತ್ತಿತ್ತು. ನೋಡನೋಡುತ್ತ ಹುಡುಗಿಯ ಕೆನ್ನೆಗೆ ಬಣ್ಣ ಬಂತು. ಮೆಟ್ಟಿಲನ್ನು ಓಡಿ ಹತ್ತಿದಳು. ಸುಣ್ಣದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಇತ್ತು. "ಇಲಿ ಊರು ಬಿಟ್ಟಿತು," ಎಂದು ದರ್ಜಿ ಖುಷಿಪಟ್ಟ.

ಪರೀಕ್ಷೆಯ ದಿನ ಮೊದಲ ತಿಂಗಳು ಹೇಗೋ ದಾಟಿತು. ಎರಡನೆಯದೂ ಉಸಿರು ಕಟ್ಟಿ ದಾಟಿತು. ಮೂರನೆಯ ತಿಂಗಳು ಅಳತೆಯಮ್ಮ ಎಷ್ಟು ಎಳೆದರೂ ನಡುವಿನ ಹುಕ್ಕು ಬೀಳಲಿಲ್ಲ. ಮಗುವಿನ ಮೈ ಮೊದಲ ಸಲ ಅಂಗಿಗೆ ಇಲ್ಲ ಎಂದಿತ್ತು. ಅಂಥ ಶುಭವಾರ್ತೆಯನ್ನು ಕೇಳಿ ಸಂತೋಷಪಡುವ ಬದಲು ಆ ಮುದುಕಿ ಸಾವಿನ ಸುದ್ದಿ ಕೇಳಿದವಳಂತೆ ಕುರ್ಚಿಯಲ್ಲಿ ಕುಸಿದಳು.

"ಯಾರು ತಿನ್ನಿಸಿದ್ದು ಇವಳಿಗೆ?"

ಸೊಸೆ ಗಂಡನತ್ತ ನೋಡಿದಳು. ಗಂಡ ನೆಲ ನೋಡುತ್ತಿದ್ದ. ಹೇಳಬೇಕು, ನಾನೇ ತಿನ್ನಿಸಿದೆ ಎನ್ನಬೇಕು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹೇಳಿಬಿಟ್ಟಳು: "ನಾನೇ ಅಜ್ಜಿ. ಕದ್ದು ತಿಂದೆ."

ತಾಯಿ ತೆರೆದ ಬಾಯಿಯನ್ನು ಮುಚ್ಚಿದಳು.

ಅಂದಿನಿಂದ ಅಡುಗೆಮನೆಯ ಬಾಗಿಲಿಗೇ ಅಳತೆಯಮ್ಮನ ಕುರ್ಚಿ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಸೂಜಿಗೆ ಬೆಳಿಗ್ಗೆ ಗಂಜಿಯ ತಿಳಿ, ಮಧ್ಯಾಹ್ನ ಅರ್ಧ ರೊಟ್ಟಿ, ರಾತ್ರಿ ಹೊಟ್ಟೆಗೆ ತಣ್ಣೀರು ಬಟ್ಟೆ. ನೂಲಿನ ಡಬ್ಬಿಯ ಮಾತ್ರೆಗಳು ಸಿಕ್ಕಿಬಿದ್ದು ಚರಂಡಿ ಸೇರಿದವು. ಊದಿಸೋ ಮಾತ್ರೆ ಎಂದು ಅಳತೆಯಮ್ಮ ಅವಕ್ಕೆ ಹೆಸರಿಟ್ಟಳು.

ಸೊಸೆ ಗಂಡನ ಬಳಿ ಬಾಯಿಬಿಟ್ಟಳು. "ಮಗು ಸೊರಗ್ತಾ ಇದೆ ಕಣ್ರೀ. ನಿಮ್ಮಮ್ಮಂಗೆ ನೀವಾದ್ರೂ ಒಂದು ಮಾತು ಹೇಳಿ."

"ಅಮ್ಮನ ಎದುರು ನಿಂತು ಈ ಅಂಗಡೀಲಿ ಕತ್ತರಿ ಹಿಡಿಯೋಕಾಗುತ್ತಾ?" ಎಂದ ಅವನು. "ಇನ್ನೊಂದಿಷ್ಟು ವರ್ಷ ತಾಳ್ಕೋ. ಮದುವೆ ಒಂದು ಆಗಿಬಿಡಲಿ, ಗಂಡನ ಮನೇಲಿ ಬೇಕಾದಷ್ಟು ತಿಂದುಕೊಳ್ಳಲಿ. ನೀನೂ ಹಾಗೇ ತಾನೇ ಬಂದೋಳು?"

ಕೆಟ್ಟವನಲ್ಲ ಅವನು. ಮಗಳನ್ನು ಕಂಡರೆ ಪ್ರಾಣ. ಇಂಥ ಒಳ್ಳೆಯವರು ಸುಮ್ಮನಿರುವುದರಿಂದಲೇ ಇಂಥ ಮನೆಗಳು ನಡೆಯುವುದು.

ಸುಣ್ಣ ಮತ್ತೆ ಮಾಯವಾಗತೊಡಗಿತು. ಈ ಸಲ ದರ್ಜಿ ಜಗಳ ತೆಗೆಯಲಿಲ್ಲ. ಖಾಲಿ ಡಬ್ಬಿಯನ್ನು ನೋಡಿ, ಹೊಸದನ್ನು ತಂದು ಸುಮ್ಮನೆ ಮೇಜಿನ ಮೇಲಿಟ್ಟ. ಎರಡು ತಿಂಗಳಾದ ಮೇಲೆ ಅಂಗಿಯ ಹುಕ್ಕು ಮತ್ತೆ ಬಿತ್ತು. ಅಳತೆಯಮ್ಮ ಮೊಮ್ಮಗಳ ಹಣೆಗೆ ಮುತ್ತಿಟ್ಟಳು. "ನೋಡಿದ್ಯಾ ನನ್ನ ಚಿನ್ನ! ಮನಸ್ಸು ಮಾಡಿದ್ರೆ ಆಗುತ್ತೆ," ಎಂದಳು. ಅವಳ ಪ್ರೀತಿ ಸುಳ್ಳಾಗಿರಲಿಲ್ಲ, ಅದೇ ದೊಡ್ಡ ದುರಂತ.

ಚಳಿಗಾಲದಲ್ಲಿ ಶಾಲೆಯಲ್ಲಿ ಜ್ವರ ಹಬ್ಬಿತು. ಬೆಂಚಿನಿಂದ ಬೆಂಚಿಗೆ ಹಾರುವ ಕೆಮ್ಮು ಜ್ವರ. ಬಂದವರು ಮಲಗಿ, ಎದ್ದು, ಮತ್ತೆ ಆಟಕ್ಕೆ ಹೋದರು. ದರ್ಜಿಯ ಮಗನಿಗೂ ಬಂತು. ವಾರದೊಳಗೆ ಎದ್ದು ಊಟ ಕೇಳಿದ. ಅದೇ ಜ್ವರ ಸೂಜಿಗೂ ಬಂತು. ಅವಳು ಏಳಲಿಲ್ಲ. ಕೆಮ್ಮು ಎದೆಗಿಳಿಯಿತು. ಅಪ್ಪನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಎತ್ತಿದಾಗ ಒಂದು ಬಟ್ಟೆಯ ಸುರುಳಿಯಷ್ಟೂ ಭಾರವಿರಲಿಲ್ಲ ಎಂದು ಆಮೇಲೆ ಎಷ್ಟೋ ದಿನ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ತಾಯಿಯ ಕೈ ಹಿಡಿದುಕೊಂಡು, "ಅಮ್ಮ, ಮೊಟ್ಟೆ ತಂದ್ಯಾ?" ಎಂದು ಕೇಳಿದಳು. ತಾಯಿ ತಂದಿದ್ದಳು, ಬಚ್ಚಿಡದೆ, ಎಲ್ಲರಿಗೂ ಕಾಣುವ ಹಾಗೆ ಬಟ್ಟಲಲ್ಲಿ ತಂದಿದ್ದಳು. ನುಂಗುವ ಶಕ್ತಿ ಹುಡುಗಿಯ ಗಂಟಲಲ್ಲಿ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ತೀರಿಕೊಂಡಳು.

ಸುದ್ದಿ ತಿಳಿದು ಬಂದ ಡಾಕ್ಟರಮ್ಮ ಕಣ್ಣೊರೆಸಿಕೊಂಡು ದರ್ಜಿಗೆ ಹೇಳಿದರು: "ಜ್ವರದ ಮೇಲೆ ತಪ್ಪು ಹೊರಿಸಬೇಡಿ. ಇದೇ ಜ್ವರ ಊರಿನ ಮಕ್ಕಳಿಗೆಲ್ಲ ಬಂತು. ಅದರ ಜೊತೆ ಹೋರಾಡೋಕೆ ಈ ಮೈಯಲ್ಲಿ ಏನೂ ಇರಲಿಲ್ಲ. ಏನನ್ನೂ ಇರೋಕೆ ನೀವು ಬಿಟ್ಟಿರಲಿಲ್ಲ."

ಮಗುವನ್ನು ಮನೆಗೆ ತಂದು ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದರು. ಬೀದಿಯ ಹೆಂಗಸರು ಸೇರಿದರು. ಅಳತೆಯಮ್ಮ ಎದೆ ಬಡಿದುಕೊಂಡು ಅತ್ತಳು. ಅತ್ತು ಅತ್ತು, ಗೋಡೆ ಹಿಡಿದು ಎದ್ದು, ಗಾಜಿನ ಬೀರುವಿನ ಬೀಗ ತೆಗೆದಳು.

"ಮದುವೆಯಂತೂ ನೋಡೋಕೆ ಆಗಲಿಲ್ಲ," ಎಂದಳು, ಅಂಗಿಯನ್ನು ಎರಡೂ ಕೈಯಲ್ಲಿ ಚಾಚಿ. "ಇದು ಅವಳದ್ದೇ ಕಣಮ್ಮ. ಇದನ್ನಾದ್ರೂ ಉಡಿಸಿ ಕಳಿಸೋಣ. ಹುಕ್ಕು ಸರಿಯಾಗಿ ಬೀಳುತ್ತೆ."

ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಸೊಸೆ ತಲೆ ಎತ್ತಿದಳು. "ಬೀಳುತ್ತೆ ಅತ್ತೆ. ಈಗ ಚೆನ್ನಾಗಿ ಬೀಳುತ್ತೆ. ಒಳಗೆ ಇನ್ನೊಂದು ಮಗೂನ ತೂರಿಸುವಷ್ಟು ಜಾಗ ಇದೆ."

 ಆ ಮನೆಗೆ ಬಂದಾಗಿನಿಂದ ಅವಳು ಅತ್ತೆಗೆ ಎದುರಾಡಿದ್ದು ಅದೇ ಮೊದಲು.

"ಮುಟ್ಟಬೇಡಿ ಅವಳನ್ನ," ಎಂದಳು. "ಆ ಅಂಗಿ ನನ್ನ ಮಗಳ ಮೈ ಮುಟ್ಟಬಾರದು."

ಒಳಗೆ ಹೋಗಿ ಸೂಜಿಯ ಶಾಲೆಯ ಲಂಗ ತಂದಳು. ಮೇಜಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಚಿಕ್ಕ ಕತ್ತರಿ ತೆಗೆದುಕೊಂಡಳು. ಅವಳು ಏನು ಮಾಡುತ್ತಿದ್ದಾಳೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಮಗಳು ಹನ್ನೆರಡಕ್ಕೆ ಕಾಲಿಟ್ಟಾಗ ಅವಳೇ ಹೊಲಿದ ನೀಲಿ ಲಂಗ ಅದು. ಕಸುಬಿನ ನಿಯಮದಂತೆ ಒಳಗೆ ಮೂರು ಮಡಿಕೆ ಬಟ್ಟೆ ಬಿಟ್ಟಿದ್ದಳು. ಬಿಚ್ಚುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಒಂದೊಂದೇ ಹೊಲಿಗೆ ಕತ್ತರಿಸಿ ಮಡಿಕೆಗಳನ್ನು ಇಳಿಸಿದಳು. ಲಂಗದ ಮೇಲ್ಭಾಗ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗಿದ್ದ ಬಟ್ಟೆ ಅಂಗಡಿಯಿಂದ ಆಗತಾನೇ ತಂದಂತೆ ಕಡುನೀಲಿಯಾಗಿತ್ತು. ಅದು ಒಮ್ಮೆಯೂ ಬಿಸಿಲು ಕಂಡಿರಲಿಲ್ಲ.

ಇಸ್ತ್ರಿ ಮಾಡಿ ಮಗಳಿಗೆ ಉಡಿಸಿದಳು. ಲಂಗ ಪಾದ ದಾಟಿ ಮೇಜಿನ ಮೇಲೆ ಹರಡಿಕೊಂಡಿತು.

"ಇಷ್ಟು ಬೆಳೀಬೇಕಾಗಿತ್ತು ಅತ್ತೆ ಇವಳು," ಎಂದು ಆ ಕಡುನೀಲಿ ಪಟ್ಟಿಯ ಮೇಲೆ ಕೈಯಾಡಿಸಿದಳು. "ನೀವೇ ಅಳತೆ ಹೇಳ್ತೀರಲ್ಲ, ನೋಡಿ ಹೇಳಿ. ಎಷ್ಟು ಕಮ್ಮಿ ಬಿತ್ತು?"

ಟೇಪು ಮುಟ್ಟದೆ ಊರಿನವರ ಅಳತೆಯನ್ನೆಲ್ಲ ಹೇಳುತ್ತಿದ್ದ ಅಳತೆಯಮ್ಮ ಅಂಗಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. 

"ನಿಮ್ಮೊಬ್ಬರನ್ನೇ ಅಂತಿಲ್ಲ," ಎಂದಳು ಸೊಸೆ. "ಬಡಿಸಿದ ಕೈ ನಂದು. ಕದ್ದೆ ಅಂತ ಅವಳು ನನ್ನ ತಪ್ಪು ಹೊತ್ತುಕೊಂಡಾಗ ಸುಮ್ಮನಿದ್ದ ಬಾಯೂ ನಂದೇ." ಆಮೇಲೆ ಮಗಳ ಕಾಲಿನ ಮೇಲೆ ತಲೆಯಿಟ್ಟಳು.

ಈಗ ಆ ಅಂಗಡಿಗೆ ಹೋದವರಿಗೆ ಗಾಜಿನ ಬೀರು ಖಾಲಿ ಕಾಣುತ್ತದೆ. ಕೆನೆ ಬಣ್ಣದ ರೇಷ್ಮೆಯ ತುಂಡುಗಳಿಂದ ಸೊಸೆ ಯಂತ್ರದ ಎಣ್ಣೆ ಒರೆಸುತ್ತಾಳೆ; ದರ್ಜಿ ಅದನ್ನು ನೋಡಿ ಮುಖ ತಿರುಗಿಸುತ್ತಾನೆ. ಅಳತೆಯಮ್ಮ ಮೂಲೆಯ ಕುರ್ಚಿಯಲ್ಲೇ ಇದ್ದಾಳೆ. ಯಾರ ಅಳತೆಯನ್ನೂ ಹೇಳುವುದಿಲ್ಲ. ಹುಡುಗಿಯರು ಒಳಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಮೊನ್ನೆ ಒಬ್ಬ ಹೆಂಗಸು ಹದಿಮೂರರ ಮಗಳನ್ನು ಕರೆತಂದಿದ್ದಳು. ಸೊಸೆ ಟೇಪು ಹಿಡಿದು ಹುಡುಗಿಯ ಭುಜ, ತೋಳು, ನಡುವಿನ ಅಳತೆ ತೆಗೆದುಕೊಂಡಳು. ತೋಳು ಅವಳ ಎರಡು ಬೆರಳಿನ ಉಂಗುರದೊಳಗೆ ಹಿಡಿಯಿತು.

"ಬೆಳೆಯೋ ಹುಡುಗಿ ಕಣಮ್ಮ," ಎಂದಳು ಬಂದವಳು. "ಒಳಗೆ ಸ್ವಲ್ಪ ಜಾಸ್ತೀನೇ ಬಟ್ಟೆ ಬಿಟ್ಟು ಹೊಲೀರಿ."

"ಬಿಡ್ತೀನಿ," ಎಂದಳು ಸೊಸೆ. ಟೇಪನ್ನು ಕೊರಳಿಗೆ ಹಾಕಿಕೊಂಡು ಆ ತಾಯಿಯ ಮುಖವನ್ನೇ ನೋಡಿದಳು. "ನಾನು ಎಷ್ಟು ಬೇಕಾದ್ರೂ ಬಿಡ್ತೀನಿ. ಇವಳು ಬೆಳಿಗ್ಗೆ ಏನು ತಿಂದು ಬಂದಳು, ಅದನ್ನ ಮೊದಲು ಹೇಳಿ."